ಕೀಲಿಕೈ ಕೊಟ್ಟ ಗುಮಾಸ್ತ

ಅಪ್ಪಾ,

ನೀನು ತೀರಿಕೊಂಡು ಒಂಬತ್ತು ವರ್ಷವಾಯಿತು. ಆದರೂ ಇದನ್ನು ನಿನಗೇ ಹೇಳಬೇಕು.

ಇವತ್ತು ಮಧ್ಯಾಹ್ನ ಬರ್ಬ್ಯಾಂಕ್ ಊರಿನ ಹಳೆಯ ಟಾಕೀಸಿನಲ್ಲಿ ನಟರ ಹೆಸರು ಕಳೆದುಹೋದ ಚಿತ್ರಗಳನ್ನು ತೋರಿಸಿದರು. ಅಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ. ಗುರುತಿನ ಮುಖ ಕಂಡರೆ ಕೂಗಿ ಹೇಳಬೇಕು; ಇನ್ನೊಬ್ಬರು ಹೌದೆಂದರೆ ಮಾತ್ರ ಆ ಹೆಸರು ದಾಖಲೆಗೆ ಸೇರುತ್ತದೆ.

ಪರದೆಯಲ್ಲಿ ಹೋಟೆಲಿನ ಮೀಸೆಯ ಗುಮಾಸ್ತನೊಬ್ಬ ನಾಯಕನಿಗೆ ಕೀಲಿಕೈ ಕೊಟ್ಟು, ಅವನು ಅತ್ತ ತಿರುಗಿದ ಮೇಲೆ ತನ್ನಷ್ಟಕ್ಕೆ ನಕ್ಕ.

"ಓರಿನ್ ಪ್ರೂಯಿಟ್ ಕಣ್ರಪ್ಪಾ," ಎಂದು ಪಕ್ಕದಲ್ಲಿದ್ದ ಮೇವಿಸ್ ಎಂಬ ಮುದುಕಿ ನಿನ್ನ ಹೆಸರು ಕೂಗಿದರು. "ಹೀರೋನ ಬಿಡಿ, ಇವರನ್ನ ನೋಡಿ."

"ನಿಮಗೆ ಮೀಸೆ ಇದ್ದೋರೆಲ್ಲ ಪ್ರೂಯಿಟೇ ಬಿಡಿ," ಎಂದು ಹಿಂದಿನಿಂದ ಯಾರೋ ಛೇಡಿಸಿದರು.

"ಇನ್ಯಾರಾದ್ರೂ ಹೌದು ಅಂತೀರಾ?" ಎಂದು ಪ್ರದರ್ಶನ ನಡೆಸುವವನು ಕೇಳಿದ.

ನಾನು ಹುಟ್ಟುವ ಮೊದಲಿನ ಚಿತ್ರ ಅದು. ನೀನು ಮೀಸೆ ಬಿಟ್ಟಿದ್ದನ್ನು ನಾನು ಕಂಡಿಲ್ಲ, ಹಾಗೆ ನಕ್ಕಿದ್ದನ್ನೂ ಕಂಡಿಲ್ಲ. ನೀನು ಕರೆದಾಗಲೆಲ್ಲ, "ಎರಡು ನಿಮಿಷದ ಪಾರ್ಟ್ ನೋಡೋಕೆ ಅಷ್ಟು ದೂರ ಬರ್ಬೇಕಾ?" ಎಂದು ನಿನ್ನ ಒಂದು ಚಿತ್ರವನ್ನೂ ನೋಡದೆ ಉಳಿದವಳು ನಾನು. ನಡೆಸುವವನು ಮುಂದಿನ ರೀಲಿಗೆ ಹೋಗುವುದರಲ್ಲಿದ್ದ. ನಾನು ಕೈ ಎತ್ತಿದೆ.

"ಹೌದು. ಅವರು ನಮ್ಮಪ್ಪ."

ನಿನ್ನ ಹೆಸರು ಬರೆದುಕೊಂಡರು. ಅದು ನೀನೇ ಹೌದೋ ಅಲ್ಲವೋ ಗೊತ್ತಿಲ್ಲದೆಯೇ ಸಾಕ್ಷಿ ಹೇಳಿಬಿಟ್ಟೆನೇ ಎಂದು ಈಗಲೂ ಕೂತಲ್ಲಿ ಕೂರಲಾಗುತ್ತಿಲ್ಲ.

ಮೇವಿಸ್ ನನ್ನ ಕೈ ಹಿಡಿದುಕೊಂಡರು. "ನಿಮ್ಮಪ್ಪನ ಅರವತ್ತು ಪಿಕ್ಚರೂ ನೋಡಿದೀನಮ್ಮ. ನಿಂಗೆ ಯಾವ್ದು ತುಂಬಾ ಇಷ್ಟ?"

"ಇದೇ," ಎಂದೆ.