ಎಂಜಿನ್ ತಣಿಯುವವರೆಗೆ

ಬಾಪಾ,

ಇವತ್ತು ಕಾವೂರಿನಲ್ಲಿ ಒಂದು ಹಳೆಯ ಡೀಸೆಲ್ ಕಾರು ತೆಗೆದುಕೊಂಡೆ. ಉಮ್ಮನಿಗೆ ಈಗ ಬಸ್ಸು ಹತ್ತಲು ಆಗುವುದಿಲ್ಲ. ಕೂಡಿಟ್ಟದ್ದೆಲ್ಲ ಇದಕ್ಕೇ ಹೋಯಿತು, ಹಾಗಾಗಿ ಮೋಸ ಹೋಗುವ ಹೆದರಿಕೆ ಇತ್ತು.

ಬೋಟಿನ ಎಂಜಿನ್ ರಿಪೇರಿ ಮಾಡುವಾಗ ನೀವು ಹೇಳುತ್ತಿದ್ದಿರಿ, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು, ಬಿಸಿ ಎಂಜಿನ್ ಸುಳ್ಳು ಹೇಳ್ತದೆ, ಹಾಳಾಗಿದ್ದರೂ ಸ್ಟಾರ್ಟ್ ಆಗ್ತದೆ ಅಂತ. ನಾನು ಹೋದಾಗ ಬಾನೆಟ್ ಬಿಸಿ ಇತ್ತು. ಕಾರಿನ ಮಾಲೀಕರು ಬಾಲಚಂದ್ರ ಮಾಸ್ಟ್ರು. ಕಾಯುತ್ತೇನೆ ಎನ್ನಲು ನಾಚಿಕೆಯಾಗಿ ಸುಮ್ಮನೆ ಜಗಲಿಯಲ್ಲಿ ಕೂತೆ. ಅವರು ರೇಟು ಹೇಳಿದರು. ನಾನು ಮಾತಾಡಲಿಲ್ಲ. ಚಾ ಕೊಟ್ಟು ಸ್ವಲ್ಪ ಇಳಿಸಿದರು. ನಾನು ಬಾನೆಟ್ ಮುಟ್ಟಿ ಬಂದು ಪುನಃ ಕೂತೆ.

“ಎಂತ ಮಾರಾಯ, ಬಾಯಿ ಬಿಡದೆ ಚೌಕಾಸಿ ಮಾಡ್ತೀಯಲ್ಲ!” ಎಂದು ನಕ್ಕು ಇನ್ನೂ ಇಳಿಸಿದರು.

“ಎಂಜಿನ್ ತಣಿಯಲಿ ಅಂತ ಕೂತದ್ದು ಸರ್. ಬಾಪ ಹೇಳಿಕೊಟ್ಟದ್ದು.”

“ಹಾಗಾದ್ರೆ ಅವರನ್ನೇ ಕರ್ಕೊಂಡು ಬರಬಹುದಿತ್ತಲ್ಲ?”

ನೀವು ತೀರಿಹೋಗಿ ಎರಡು ವರ್ಷವಾಯಿತು ಎಂದು ಹೇಳಲಿಲ್ಲ. ಬಾನೆಟ್ ಪೂರ್ತಿ ತಣಿದ ಮೇಲೆ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು ಬಾಪಾ.

ಮನೆಗೆ ಬಂದು ಡೀಸೆಲ್ ಫಿಲ್ಟರಿನಲ್ಲಿ ನಿಂತಿದ್ದ ನೀರು ತೆಗೆದೆ, ಕೈಗೆಲ್ಲ ಡೀಸೆಲ್ ಆಯಿತು. ಚಿಕ್ಕವನಿರುವಾಗ ಬೆಂಗ್ರೆಯ ಫೆರಿ ದೋಣಿಯಲ್ಲಿ ನಿಮ್ಮ ಅಂಗಿಯ ಡೀಸೆಲ್ ವಾಸನೆಗೆ ನಾನು ದೂರ ಹೋಗಿ ಕೂರುತ್ತಿದ್ದೆ.

ಇದನ್ನು ಕೈ ತೊಳೆಯದೆ ಬರೆಯುತ್ತಿದ್ದೇನೆ.

ನಿಮ್ಮ ತಮೀಮ್