ಅಳಿಯನಿಗೆ ಒಪ್ಪಿಸಿದ ಗಾಡಿ

ತೊಣ್ಣೂರು
14-11-1996

ಚಿರಂಜೀವಿ ಪ್ರಮೀಳಾಳಿಗೆ ನಿನ್ನ ತಾಯಿಯ ಆಶೀರ್ವಾದ. ಸೌಭಾಗ್ಯವತಿ ಎಂಬ ಮಾತನ್ನು ಬೇಕೆಂದೇ ಬಿಟ್ಟಿದ್ದೇನೆ. ನಿನ್ನ ಗಂಡ ಬದುಕಿದ್ದಾನೆ ಎಂದು ನನಗೆ ಗೊತ್ತು. ಅವನಿರುವುದನ್ನು ಸೌಭಾಗ್ಯ ಎಂದು ಬರೆಯಲು ಪೆನ್ನು ಏಳಲಿಲ್ಲ, ಅಷ್ಟೆ.

ನಿನ್ನ ಕಾಗದ ಬಂತು. ನಿನ್ನ ಅಣ್ಣ ದಿಲೀಪ ಹಿಂದಿನಿಂದ ಬಂದು ರಾಡಿನಿಂದ ಬಾರಿಸಿ ನಿನ್ನ ಗಂಡ ಕಿಶನನ ಕಾಲು ಮುರಿದ ಎಂದು ಅವನ ಮನೆಯವರು ದೂರು ಕೊಟ್ಟಿದ್ದಾರೆ. ನಿನ್ನ ಅಣ್ಣ ಮೊದಲಿಂದಲೂ ಅವನಿಗೆ ಬೆದರಿಕೆ ಹಾಕುತ್ತಿದ್ದ ಎಂದು ಸೋಮವಾರ ಪಾಂಡವಪುರದ ಸ್ಟೇಷನ್ನಿಗೆ ಬಂದು ನೀನು ಸಹಿ ಮಾಡಬೇಕಂತೆ. ಏನು ಮಾಡಲಿ ಎಂದು ಕೇಳಿದ್ದೀಯ. ಅಕ್ಷರಗಳು ಇರುವೆ ಹರಿದ ಹಾಗಿದ್ದವು. ಬಲಗೈ ಮುರಿದವಳು ಎಡಗೈಯಲ್ಲಿ ಬರೆದಿದ್ದೀಯ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಸಹಿಯನ್ನು ಯಾವ ಕೈಯಲ್ಲಿ ಮಾಡುತ್ತೀಯ, ಮಗಳೆ?

ನಡೆದದ್ದನ್ನು ನಾನು ಹೇಳುತ್ತೇನೆ. ಕೂತು ಓದು.

ನಿನ್ನ ಅಪ್ಪನ ಹಳೆಯ ಗಾಡಿ ಆಲೆಮನೆಯ ಹಿಂದೆ ತರಗಿನಲ್ಲಿ ಹೂತು ಹೋಗಿದ್ದು ನಿನಗೆ ನೆನಪಿರಬೇಕು. ಊರಿನವರೆಲ್ಲ ಅದನ್ನು ನಾರ್ಟನ್ ಎನ್ನುತ್ತಿದ್ದರು. ದಿಲೀಪ ಅದನ್ನು ಎಳೆದು ಹಾಕಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ, ಚಾಸಿಯ ಮೇಲೂ ಎಂಜಿನ್ನಿನ ಹೊಟ್ಟೆಯ ಮೇಲೂ ಕೊರೆದಿದ್ದ ಅಕ್ಷರಗಳನ್ನು ಓದಿದ. ಡಬ್ಲ್ಯೂ ಎಂ ಇಪ್ಪತ್ತು ಎಂದಿತ್ತು. ನಾರ್ಟನ್ ಅಲ್ಲ, ಬಿ.ಎಸ್.ಎ., ಯುದ್ಧದ ಕಾಲದಲ್ಲಿ ಬ್ರಿಟಿಷರು ಸೈನ್ಯಕ್ಕೆಂದು ಮಾಡಿಸಿದ್ದು ಎಂದು ಕುಣಿದಾಡಿದ. ಕುಣಿಯಲು ಏನಿತ್ತು? ಗಾಡಿ ಅರ್ಧಕ್ಕರ್ಧ ಇರಲಿಲ್ಲ. ಅಪ್ಪ ಹೋದ ಮೇಲೆ ಕೇಳಿದವರಿಗೆ ಕೇಳಿದ ಭಾಗವನ್ನು ನಾನೇ ಬಿಚ್ಚಿ ಕೊಟ್ಟಿದ್ದೆ. ಮುಂದಿನ ಚಕ್ರದ ರಿಮ್ಮು ಪಕ್ಕದ ಮನೆ ತಿಮ್ಮಮ್ಮನ ಬಾವಿಗೆ ರಾಟೆಯಾಗಿತ್ತು. ಲೈಟಿನ ಬುರುಡೆಯಲ್ಲಿ ಅವಳ ಸೊಸೆ ಕೋಳಿಗೆ ನೀರಿಡುತ್ತಿದ್ದಳು. ಪೆಟ್ರೋಲ್ ಟ್ಯಾಂಕು ನಾಗಮಂಗಲದಲ್ಲಿ ನಿನ್ನ ಸೋದರತ್ತೆಯ ಮನೆಯಲ್ಲಿ ಸೀಮೆಎಣ್ಣೆ ತುಂಬಿಕೊಂಡು ಕೂತಿತ್ತು. ಕೊಟ್ಟವಳು ನಾನಾದ್ದರಿಂದ ಕೇಳಲು ನಾನೇ ಹೋಗಬೇಕಾಯಿತು. ತಿಮ್ಮಮ್ಮ, ‘ಗಂಡನ್ ಗಾಡಿನ ಬಾವಿಗ್ ಕಟ್ಟಿದ್ದೆ, ಈಗ ಬಿಚ್ಕೊಂಡು ಯಾರ್ ಕೊರಳಿಗ್ ಕಟ್ಟೀಯೆ?’ ಎಂದು ನಕ್ಕಳು. ಸಿಗದ ಸಾಮಾನುಗಳನ್ನು ದಿಲೀಪ ಮೈಸೂರಿನ ಗುಜರಿಗಳಲ್ಲಿ ಹುಡುಕಿ ತಂದ. ಹೋದ ತಿಂಗಳು ಗಾಡಿ ಸ್ಟಾರ್ಟ್ ಆದಾಗ ಕೆರೆ ಏರಿಯ ಮೇಲಿದ್ದ ಕೊಕ್ಕರೆಗಳೆಲ್ಲ ಎದ್ದವು.

ಆ ಸದ್ದು ನಿನ್ನ ಗಂಡನ ಮಾಕವಳ್ಳಿಯವರೆಗೂ ಕೇಳಿತು ಎಂದು ಕಾಣುತ್ತದೆ. ಮದುವೆಯಲ್ಲಿ ನಾವು ಕೊಟ್ಟ ಬೈಕನ್ನು ಕುಡಿದು ಸೇತುವೆಗೆ ಗುದ್ದಿ ಪುಡಿ ಮಾಡಿದವನು, ಇದನ್ನು ನನಗೆ ಕೊಡಿ ಎಂದು ನಿನ್ನನ್ನು ಕಳಿಸಿದ. ದಿಲೀಪ ಆಗುವುದಿಲ್ಲ ಎಂದ. ನೀನು ಬರಿಗೈಯಲ್ಲಿ ಹೋದೆ. ಮಾರನೆಯ ವಾರ ನಿನ್ನ ಕೈ ಮುರಿದ ಸುದ್ದಿ ಬಂತು. ಬಚ್ಚಲಲ್ಲಿ ಜಾರಿದೆ ಎಂದು ನೀನು ಹೇಳಿ ಕಳಿಸಿದ್ದೆ. ಬಚ್ಚಲಲ್ಲಿ ಜಾರಿದವರ ಬೆನ್ನಿನ ಮೇಲೆ ಚೈನಿನ ಹಲ್ಲು ಮೂಡುವುದಿಲ್ಲ. ಆಸ್ಪತ್ರೆಯಲ್ಲಿ ನಿನಗೆ ರವಿಕೆ ತೊಡಿಸಿದವಳು ನಾನು.

ಆ ರಾತ್ರಿ ದಿಲೀಪ ಮಚ್ಚು ತೆಗೆದ. ನಾನು ಅವನ ಕೆನ್ನೆಗೆ ಬಾರಿಸಿ ಮಚ್ಚು ಕಿತ್ತುಕೊಂಡೆ. ನಂತರ ಕಿಶನನಿಗೆ ಹೇಳಿ ಕಳಿಸಿದೆ: ಗಾಡಿ ನಿನ್ನದು, ನೀನೇ ಬಂದು ಸ್ಟಾರ್ಟ್ ಮಾಡಿ ಓಡಿಸಿಕೊಂಡು ಹೋಗು. ಆಗ ನನ್ನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಒಂದು ಕಬ್ಬಿಣಕ್ಕಾಗಿ ಮಗಳ ಮೈ ಹಣ್ಣಾಗುವುದು ಬೇಡ ಎಂದಿತ್ತು. ಇದನ್ನು ನೀನು ನಂಬಬೇಕು.

ಶುಕ್ರವಾರ ಕಿಶನ ಬಂದ. ದಿಲೀಪನನ್ನು ಬ್ರೇಕ್ ವೈರು ತರುವ ನೆಪದಲ್ಲಿ ಬೆಳಗ್ಗೆಯೇ ಶ್ರೀರಂಗಪಟ್ಟಣಕ್ಕೆ ಓಡಿಸಿದ್ದೆ. ಅವನು ಊರಿನಲ್ಲೇ ಇರಲಿಲ್ಲ. ಮನೆಯಿಂದ ಹೊರಡುವ ಗಾಡಿಗೆ ಪೂಜೆ ಮಾಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ತಟ್ಟೆ ಹಿಡಿದು ಅಂಗಳಕ್ಕೆ ಇಳಿದೆ. ಜಗಲಿಯ ಮೇಲಿದ್ದ ತಿಮ್ಮಮ್ಮ, ‘ಏನ್ ಅಳಿಮಯ್ಯ, ಕಬ್ಬಿಣದೆಮ್ಮೆ ಇದು. ನಿಂಗೆ ಬಗ್ಗಾದಾ?’ ಎಂದು ಕೆಣಕಿದಳು. ಅವನು ಮೀಸೆ ತಿರುವಿ, ‘ಸುಮ್ಕಿರಮ್ಮೋ. ಈ ಮನೆ ಎಣ್ಣನ್ನೇ ಬಗ್ಗಿಸಿವ್ನಿ, ಗಾಡಿ ಯಾವ್ ಲೆಕ್ಕ?’ ಎಂದ.

ನಾನು ಕೇಳಿಸಿಕೊಂಡೆ. ಲೈಟಿಗೆ ಕುಂಕುಮ ಇಟ್ಟೆ, ಟ್ಯಾಂಕಿಗೆ ಇಟ್ಟೆ. ಆಮೇಲೆ ಎಡಗೈ ಹಿಡಿಯ ಹತ್ತಿರ ಬಂದೆ. ಅಲ್ಲಿ ಹೆಬ್ಬೆರಳಿನ ಉದ್ದದ ಒಂದು ಲಿವರು ಇದೆ. ಈಗಿನ ಬೈಕುಗಳಲ್ಲಿ ಅದಿಲ್ಲ. ಕಿಕ್ ಹೊಡೆಯುವ ಮುಂಚೆ ಅದನ್ನು ಹಿಂದಕ್ಕೆ ಸರಿಸಿ ಕಿಡಿಯನ್ನು ತಡ ಮಾಡಿಕೊಳ್ಳಬೇಕು. ಮುಂದಕ್ಕಿದ್ದರೆ ಹೊತ್ತಿಗೆ ಮೊದಲೇ ಕಿಡಿ ಹಾರಿ, ಎಂಜಿನ್ನು ಉಲ್ಟಾ ತಿರುಗಿ, ಕಿಕ್ಕರು ಒದ್ದವನನ್ನೇ ಒದೆಯುತ್ತದೆ. ‘ಅವ್ವ, ಇದನ್ನ ಮಾತ್ರ ಮುಟ್ಬ್ಯಾಡ ಕಣವ್ವ, ಕಾಲ್ ಮುರ್ದಾಕ್ತದೆ’ ಎಂದು ದಿಲೀಪ ನನಗೆ ಅದೆಷ್ಟು ಸಲ ಹೇಳಿದ್ದನೋ. ಅವನು ಹಿಂದಕ್ಕೆ ಸರಿಸಿಟ್ಟು ಹೋಗಿದ್ದ. ನಾನು ಕುಂಕುಮದ ಬೆರಳಿನಲ್ಲಿ ಅದನ್ನು ಪೂರ್ತಿ ಮುಂದಕ್ಕೆ ತಳ್ಳಿದೆ.

ಕಿಶನ ಮೈಭಾರವನ್ನೆಲ್ಲ ಬಿಟ್ಟು ಒದ್ದ. ಕಬ್ಬಿನ ಜಲ್ಲೆ ಮುರಿದ ಸದ್ದಾಯಿತು. ಮೊಣಕಾಲಿನ ಕೆಳಗೆ ಮೂಳೆ ಪ್ಯಾಂಟು ಹರಿದುಕೊಂಡು ಹೊರಬಂತು. ಅವನು ಬಿದ್ದ, ಗಾಡಿ ಅವನ ಮೇಲೆಯೇ ಬಿತ್ತು. ಹಾಗೆ ಬಿದ್ದವನು ಕೈಗೆ ಸಿಕ್ಕಿದ ಸ್ಪ್ಯಾನರನ್ನು ನನ್ನ ಹಣೆಗೆ ಬೀಸಿದ. ರಕ್ತ ಕಣ್ಣಿಗೆ ಇಳಿಯಿತು. ಸೆರಗಿನಲ್ಲಿ ಒರೆಸಿಕೊಂಡು ಅವನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು, ನನ್ನ ಮಗಳ ಕೈ ಹೇಗೆ ಮುರಿಯಿತು ಎಂದು ಕೇಳಿದೆ. ‘ಬಚ್ಚಲಾಗ್ ಜಾರುದ್ಲು’ ಎಂದ. ನಾನು ಬಿದ್ದಿದ್ದ ಗಾಡಿಯ ಸೀಟಿನ ಮೇಲೆ ಕೈಯೂರಿ ಭಾರ ಬಿಟ್ಟೆ. ಅವನ ಕೂಗಿಗೆ ತಿಮ್ಮಮ್ಮ ಕಿವಿ ಮುಚ್ಚಿಕೊಂಡಳು. ಮತ್ತೆ ಅದನ್ನೇ ಕೇಳಿದೆ. ‘ನಾನೇ ಕಣವ್ವ, ಚೈನ್ನಾಗೆ ಒಡ್ದೆ. ಬುಟ್ಬುಡವ್ವ’ ಎಂದ. ಜೋರಾಗಿ ಹೇಳು, ತಿಮ್ಮಮ್ಮನಿಗೆ ಕೇಳಿಸಲಿ ಎಂದೆ. ಹೇಳಿದ. ಆಮೇಲೆ ಗಾಡಿ ಎತ್ತಿಸಿ, ಮುದ್ದಯ್ಯನ ಟ್ರಾಕ್ಟರಿನಲ್ಲಿ ಆಸ್ಪತ್ರೆಗೆ ಕಳಿಸಿದೆ.

ನನ್ನ ಕೆಂಪು ಬೆರಳಿನ ಗುರುತು ಆ ಲಿವರಿನ ಮೇಲಿತ್ತು. ಅವನು ಅದನ್ನೂ ನೋಡಿದ, ನನ್ನನ್ನೂ ನೋಡಿದ. ಹಾಗಿದ್ದೂ ದಿಲೀಪನ ಹೆಸರು ಹೇಳುತ್ತಿದ್ದಾನೆ. ಅತ್ತೆ ಕುಂಕುಮ ಇಟ್ಟು ಕೆಡವಿದಳು ಎಂದು ಹೇಳಿಕೊಂಡು ಅವನು ಯಾವ ಕಟ್ಟೆಯ ಮೇಲೆ ಕೂರಬೇಕು? ಆ ನಾಚಿಕೆಗೆ ನಿನ್ನ ಅಣ್ಣ ಜೈಲಿಗೆ ಹೋಗಬೇಕಂತೆ.

ಅವನ ಕಾಲು ಕೂಡುತ್ತದೆ. ಡಾಕ್ಟರು ಸಂಕ್ರಾಂತಿಯ ಹೊತ್ತಿಗೆ ನಡೆದಾಡುತ್ತಾನೆ ಎಂದಿದ್ದಾರಂತೆ. ಎದ್ದ ದಿನ ಈ ಕಾಲಿನ ಲೆಕ್ಕವನ್ನು ಯಾರ ಮೈಮೇಲೆ ತೀರಿಸುತ್ತಾನೆ ಎಂದು ನಾನು ಬರೆಯಬೇಕಾಗಿಲ್ಲ. ಮನೆಯಿಂದ ಹೊರಟ ಹೆಣ್ಣು ಹಬ್ಬಕ್ಕೆ ಮಾತ್ರ ಬರಬೇಕು ಎಂದು ನಿನಗೆ ಹೇಳಿಕೊಟ್ಟವಳು ನಾನು. ಇವತ್ತು ಹಬ್ಬ ಯಾವುದೂ ಇಲ್ಲ. ಬಾ.

ಕೊಡುತ್ತೇನೆ ಎಂದ ಗಾಡಿಯನ್ನು ಕೊಟ್ಟುಬಿಡುತ್ತಿದ್ದೇನೆ. ಈ ಕಾಗದದ ಜೊತೆಗೇ ಮುದ್ದಯ್ಯ ಅದನ್ನು ಟ್ರೈಲರಿನಲ್ಲಿ ತಂದು ನಿನ್ನ ಅತ್ತೆಯ ಬಾಗಿಲಲ್ಲಿ ಇಳಿಸುತ್ತಾನೆ. ದಿಲೀಪ ಅದಕ್ಕೆ ಅತ್ತ. ಅಳಲಿ. ಇಳಿಸಿದ ಜಾಗದಲ್ಲಿ ನಿನ್ನ ಟ್ರಂಕು ಇಡು, ಮಗುವನ್ನು ಎತ್ತಿಕೊಂಡು ಹತ್ತು. ನಿನ್ನ ಅತ್ತೆ ಅಡ್ಡ ನಿಂತರೆ ಮಾತು ಬೆಳೆಸಬೇಡ. ಮುದ್ದಯ್ಯ ಎಂಜಿನ್ ಆಫ್ ಮಾಡದೆ ಕಾಯುತ್ತಾನೆ. ಅವನು ಬರಿ ಟ್ರೈಲರು ವಾಪಸ್ಸು ತಂದರೆ ನಾನು ಎರಡನೆಯ ಕಾಗದ ಬರೆಯುವುದಿಲ್ಲ.

ಇಂತು ನಿನ್ನ ತಾಯಿ,
ದೊಡ್ಡತಾಯಮ್ಮ

ಮತ್ತೊಂದು ಮಾತು: ನೀನು ಬಂದಾಗ ನಾನು ಮನೆಯಲ್ಲಿ ಇರುವುದಿಲ್ಲ. ಟ್ರಾಕ್ಟರು ಆ ಕಡೆ ಹೊರಟರೆ ನಾನು ಈ ಕಡೆ ಪಾಂಡವಪುರದ ಬಸ್ಸು ಹತ್ತುತ್ತೇನೆ. ಇದರಲ್ಲಿ ಬರೆದಿರುವುದನ್ನೆಲ್ಲ ಸ್ಟೇಷನ್ನಿನಲ್ಲಿ ಹೇಳಿ ಸಹಿ ಮಾಡುತ್ತೇನೆ. ಸೋಮವಾರ ನೀನು ಮಾಡಲು ಏನೂ ಉಳಿಯುವುದಿಲ್ಲ. ತಪ್ಪಾಯಿತು ಎಂದು ಮಾತ್ರ ಹೇಳುವುದಿಲ್ಲ. ದಿಲೀಪನಿಗೆ ಇದು ಗೊತ್ತಿಲ್ಲ, ಅವನನ್ನು ಎದುರು ಕೂರಿಸಿಕೊಂಡು ನೀನೇ ಹೇಳು. ಬೀಗದ ಕೈ ಗೊಂಚಲು ತಿಮ್ಮಮ್ಮನ ಹತ್ತಿರ ಕೊಟ್ಟಿರುತ್ತೇನೆ. ಇಸಕೊಂಡು ಸೊಂಟಕ್ಕೆ ಸಿಕ್ಕಿಸಿಕೊ.