ತೂಬಿನ ಕಂಬದ ಗೀರು

ಅಪ್ಪಾ,

ನೀನು ಹೋಗಿ ಆರು ವರ್ಷ ಆಯ್ತು. ನಿನ್ನ ಜಾಗಕ್ಕೆ ನಾನೇ ನೀರುಗಂಟಿ ಆಗಿದೀನಿ. ಕೆರೆ ತೂಬು ತೆಗೆಯೋದು, ಮುಚ್ಚೋದು ಈಗ ನನ್ನ ಕೆಲಸ.

ಮೊನ್ನೆ ಕಡೂರು ಸಂತೆ ದಿನ ಮಧ್ಯಾಹ್ನ ಮಳೆ ಸುರೀತಿತ್ತು. ನಮ್ಮ ಕೇರಿ ಹುಲಿಯಮ್ಮತ್ತೆ ಓಡಿ ಬಂದು, "ಮನೆ ಖಾಲಿ ಮಾಡ್ಬೇಕೇನೇ ತ್ರಿವೇಣಿ?" ಅಂದ್ಲು. ನಮ್ಮೋರಿಗೆ ಮನೆ ಕಟ್ಟೋಕೆ ಅಂತ ಕೊಟ್ಟಿದ್ದು ಕೋಡಿ ನೀರು ಹರಿಯೋ ಹಳ್ಳದ ಪಕ್ಕದ ಜಾಗ ತಾನೆ. ತೂಬಿನ ಕಂಬ ನೋಡಿದೆ. ನೀನು ಉಳಿಯಲ್ಲಿ ಕೆತ್ತಿದ್ದ ಗೀರನ್ನ ನೀರು ಆಗಷ್ಟೇ ಮುಟ್ಟಿತ್ತು. ಗೀರು ಮುಟ್ಟಿದ್ಮೇಲೆ ಕೆರೆ ತುಂಬಿ ಕೋಡಿ ಬೀಳೋಕೆ ಎರಡು ದಿನ ಬೇಕು ಅಂತಿದ್ದೆ ನೀನು. ಅದನ್ನೇ ಹೇಳಿ ಕಳಿಸಿದೆ.

ದೀಪ ಹಚ್ಚೋ ಹೊತ್ತಿಗೆ ಕೋಡಿ ಬಿತ್ತು. ನಾನೂ ಕೇರಿ ಜನಾನೂ ಅವಳ ಮನೆ ಹತ್ರ ಹೋಗಿ ನೋಡಿದಾಗ ಹುಲಿಯಮ್ಮತ್ತೆ ಎದೆಮಟ್ಟದ ನೀರಲ್ಲಿ ನಿಂತು ಮೊಮ್ಮಗಳನ್ನ ತಲೆ ಮೇಲೆ ಎತ್ತಿ ಹಿಡ್ಕೊಂಡಿದ್ಲು. ಹಗ್ಗ ಎಸೆದು ಇಬ್ಬರನ್ನೂ ಎಳ್ಕೊಂಡ್ವಿ. ಅವಳು ಬೈಯ್ಲಿಲ್ಲ. "ನಿಮ್ಮಪ್ಪ ಹೇಳಿದ್ದು ಯಾವತ್ತೂ ತಪ್ಪಿರ್ಲಿಲ್ಲ" ಅಂದ್ಲು, ಅಷ್ಟೇ.

ಎರಡು ದಿನದ ಮಳೆ ಈಗ ಎರಡು ಗಂಟೇಲಿ ಬೀಳುತ್ತೆ ಅಪ್ಪಾ. ಹೊಸ ಗೀರು ಹಾಕೋಣ ಅಂತ ಬೆಳಿಗ್ಗೆ ನಿನ್ನ ಉಳಿ ತಗೊಂಡು ಹೋದೆ. ಎಲ್ಲಿ ಹಾಕೋದು ಅಂತ ಗೊತ್ತಾಗ್ಲಿಲ್ಲ.

ಮತ್ತೆ ಮೋಡ ಕಟ್ಟಿದೆ. ಮಗು ಎತ್ಕೊಂಡು ಹುಲಿಯಮ್ಮತ್ತೆ ಕೆರೆ ಏರಿ ಮೇಲೆ ಬರ್ತಾವ್ಳೆ, ನನ್ನನ್ನೇ ಕೇಳೋಕೆ.